ಆನೆ ಮೇಲೆ ಬಂದ ಅಕ್ಕ

೧.
ಎಲ್ಲಿಂದ ಶುರು ಮಾಡಲಿ, ಓದುಗರೇ? ‘ಅಕ್ಕ ಹುಟ್ಟಿನಿಂದಲೇ ಬುದ್ಧಿಯಲ್ಲಿ ಹಿಂದೆ’ ಎಂದು ಬರೆದೆ, ಹೊಡೆದುಹಾಕಿದೆ. (ಹಾಗೆ ಶುರು ಮಾಡಿದರೆ, ಮುಂದೆ ಅವಳಿಗೆ ಏನೇ ಆದರೂ ಅದೇ ಕಾರಣ ಎನ್ನುತ್ತೀರಿ.)

೩.
(ಎರಡರಲ್ಲಿ ಬರೀ ಮೋಡದ ವರ್ಣನೆಯಿತ್ತು. ಬಿಟ್ಟೆ.)

ಅಕ್ಕ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವವಳು. ಈಚೆಗೆ ಊಟ ಸೇರದು, ಕೆಲಸಕ್ಕೆ ಹೋಗಳು, ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಆಸ್ಪತ್ರೆಯಲ್ಲಿ ಡಾಕ್ಟರು ನಿಂತಲ್ಲೇ ಕೇಳಿದರು: “ಯಾರೂ ಇಲ್ದಾಗ ದನಿ ಕೇಳುತ್ತಾ?”

“ಹೂಂ.”

ಭ್ರಮೆಯ ಕಾಯಿಲೆ, ಜೋರು ಮಾತ್ರೆ ಬೇಕು ಎಂದರು. ಬಸ್ ಓಡಿಸುವ ಅವಳ ತಮ್ಮ ನಂಬಿಕೆ ಬರದೆ ಚೀಟಿ ಮಡಿಸಿ ಜೇಬಿಗಿಟ್ಟ. ಮಾತ್ರೆ ಕೊಳ್ಳದೆ, ಅವಳನ್ನು ಮನಶ್ಶಾಸ್ತ್ರಜ್ಞೆಯ ಬಳಿ ಕರೆದೊಯ್ದ.

೪.
ಆಕೆ ಮೇಜಿನ ಈಚೆ ಬಂದು, ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡರು.

“ದನಿ ಕೇಳುತ್ತಾ?”

“ಹೂಂ.”

“ಇವತ್ತು ಆನೆ ಮೇಲೆ ಬಂದ್ರಾ?”

“ಹೂಂ.”

“ಅಯ್ಯೋ ಮೇಡಂ, ನನ್ನ ಸ್ಕೂಟರ್ ಮೇಲೆ!” ಎಂದ ತಮ್ಮ.

“ಗೊತ್ತು. ಹೂಂ ಅಂದ್ರೆ ಯಾರೂ ಬೈಯಲ್ಲ ಅಂತ ಕಲ್ತಿದಾರೆ. ನಾವೇ ಬೇರೆ ಥರ ಕೇಳೋಣ.”

(ಆನೆ ಅತಿಯಾಯಿತು ಎಂದ ನನ್ನೊಳಗಿನ ಸಂಪಾದಕ. ತೆಪ್ಪಗಿರು ಎಂದೆ.)

ಮುಖಗಳ ಚಿತ್ರಗಳನ್ನು ಹರಡಿದರು. ಅಕ್ಕ ಜೋಲುಮೋರೆಯ ಮೇಲೆ ಬೆರಳಿಟ್ಟಳು.

“ಇವರಿಗೆ ಏನಾಗಿದೆ?”

ಅಕ್ಕ ತನ್ನ ಸೆರಗಿನ ತುದಿ ಹಿಡಿದು ತೋರಿಸಿದಳು. “ಆ ಕಡೆ ತುದಿ ಹಿಡಿಯೋಳು ಬರಲ್ಲ.”

ತಮ್ಮನಿಗೆ ಆಗ ಹೊಳೆಯಿತು. ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದ ಗೆಳತಿ ಊರು ಬಿಟ್ಟು ಹೋಗಿದ್ದಳು. ಇವಳಿಗೇನು ತಿಳಿದೀತು ಎಂದು ಲಾಂಡ್ರಿಯಲ್ಲಿ ಯಾರೂ ಹೇಳಿರಲಿಲ್ಲ.

“ಇದು ಭ್ರಮೆ ಅಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಖಿನ್ನತೆ. ನನಗೆ, ನಿಮಗೆ ಬರೋ ಹಾಗೇ ಬಂದಿದೆ. ವಾಸಿ ಆಗುತ್ತೆ” ಎಂದರು ಆಕೆ. ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು.

೫.
ಅಂತ್ಯ ಒಂದು: ಗೆಳತಿ ಓಡಿಬಂದು ಅಕ್ಕನನ್ನು ತಬ್ಬಿದಳು.

“ಸಿನಿಮಾ ಬಿಡಿ ಸಾರ್” ಎಂದ ತಮ್ಮ. “ಫೋನ್ ಮಾಡ್ಸಿದೆ, ಅಷ್ಟೇ. ಹೇಳ್ದೆ ಹೋಗಿದ್ದಕ್ಕೆ ಅಕ್ಕ ಅವಳಿಗೆ ಮೊದ್ಲು ಚೆನ್ನಾಗಿ ಉಗಿದ್ಳು. ಆಮೇಲೆ ಊಟ ಕೇಳಿದ್ಳು.”

ಅಂತ್ಯ ಎರಡು: ಅಕ್ಕ ಮೊದಲಿನಂತಾದಳು.

“ಎಲ್ಲಿ ಸಾರ್? ಈಗ ನನ್ನ ಮಾತೇ ಕೇಳಲ್ಲ!” ದೂರುವಾಗ ಅವನ ಮುಖ ಅರಳಿತ್ತು.

ಸರಿ, ಮುಗಿಸುವ ಹೊಣೆ ಅಕ್ಕನಿಗೇ ಬಿಡೋಣವೆಂದು ಹೋದೆ. ಗೆಳತಿಯ ಜೊತೆ ಫೋನಿನಲ್ಲಿದ್ದಳು. “ಸಾಕು, ಇಡಕ್ಕಾ” ಎಂದ ತಮ್ಮ. ಅವನನ್ನೂ ನನ್ನನ್ನೂ ಒಮ್ಮೆ ದುರುಗುಟ್ಟಿ, ಫೋನ್ ಸಮೇತ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಬಿದ್ದು ಬಿದ್ದು ನಗುತ್ತಿದ್ದಾಳೆ. ಯಾವ ಮಾತಿಗೋ, ನನಗೂ ಕೇಳಿಸುತ್ತಿಲ್ಲ.