ಜೇಬಿನಿಂದ ಹೊರಬಂದ ಕೈ

ಬಂದೂಕಿನ ಅಂಗಡಿಗೆ ಬಂದ ಗಂಡಸು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತರೆ ನನಗೆ ಅನುಮಾನ ಬರುತ್ತದೆ. ನಮ್ಮ ಓಕ್ಲಹೋಮದಲ್ಲಿ ಗಾಜಿನ ಕಪಾಟು ಕಂಡ ಕೂಡಲೇ ಗಂಡಸರ ಕೈ ತುರಿಸುತ್ತದೆ. ಕೊಳ್ಳಲಿ ಬಿಡಲಿ, ಎತ್ತಿ ನೋಡಬೇಕು, ತೂಗಿ ನೋಡಬೇಕು, ಒಂದು ಕಣ್ಣು ಮುಚ್ಚಿ ಗೋಡೆಯ ಮೇಲಿನ ಜಿಂಕೆಯ ತಲೆಗೆ ಗುರಿ ಹಿಡಿಯಬೇಕು. ನಮ್ಮ ಚರ್ಚಿನ ಪಾದ್ರಿಯೂ ಅಷ್ಟೇ. ಆದರೆ ಆ ಮಧ್ಯಾಹ್ನ ಬಂದವನ ಕೈ ಜಾಕೆಟ್ಟಿನ ಜೇಬಿನಿಂದ ಹೊರಗೇ ಬರಲಿಲ್ಲ. ಯಾವ ಪಿಸ್ತೂಲು ಬೇಕೆಂದು ಗಲ್ಲ ಎತ್ತಿ ತೋರಿಸುತ್ತಿದ್ದ.

ಜೊತೆಗೊಬ್ಬಳು ಹುಡುಗಿ. ಇಪ್ಪತ್ತೆರಡೋ ಇಪ್ಪತ್ತಮೂರೋ. ಏನು ಕೇಳಿದರೂ ಮೊದಲು ಅವನ ಮುಖ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದಳು.

"ನನ್ನ ಬಂಗಾರಿಗೆ ಒಂದು ಸಣ್ಣ ಪಿಸ್ತೂಲು ಬೇಕಿತ್ತು ಮೇಡಂ," ಅಂದ. "ಬಟ್ಟೆ ಒಳಗೆ ಇಟ್ಕೊಂಡ್ರೆ ಗೊತ್ತಾಗಬಾರದು. ವಾರಕ್ಕೊಂದ್ಸಲ ಬಂದು ಗುರಿ ಹೊಡೆಯೋದೂ ಕಲೀಲಿ. ಒಂಟಿ ಹೆಂಗಸು, ರಾತ್ರಿ ಪಾಳಿ ಕೆಲಸ. ಕಾಲ ಕೆಟ್ಟಿದೆ ನೋಡಿ."

ಅಷ್ಟು ಹೇಳಿ ಜಿಂಕೆಯ ತಲೆ ನೋಡಲು ಆ ಕಡೆ ತಿರುಗಿದ. ಆಗ ಅವನ ಎಡಗಿವಿ ಕಂಡಿತು. ತುದಿ ಹರಿದು ಎರಡು ಸೀಳಾಗಿತ್ತು. ಕೆಳಗೆ ಕೆಂಪು ಕುತ್ತಿಗೆ, ಅದರಲ್ಲಿ ಅಡ್ಡಕ್ಕೊಂದು ಮಡಿಕೆ. 

ಹಾಲಿಸ್ ಕ್ರೀಡ್. ನನ್ನ ತಂಗಿ ರೊವೆನಾಳ ದವಡೆ ಮುರಿದವನು. ಅವಳ ಬಲಗಿವಿಯನ್ನು ಶಾಶ್ವತವಾಗಿ ಕಿವುಡು ಮಾಡಿದವನು. ಅವಳನ್ನು ಮದುವೆಯಾದಾಗ ನಮ್ಮ ಮನೆಯವರನ್ನು ಅವನು ಕರೆದಿರಲಿಲ್ಲ. ಅವಳನ್ನು ನಮ್ಮ ಹತ್ತಿರ ಬಿಟ್ಟೂ ಇರಲಿಲ್ಲ. ನಾನು ಅವನನ್ನು ನೋಡಿದ್ದು ನ್ಯಾಯಾಲಯದಲ್ಲಿ, ಅದೂ ಹಿಂದಿನಿಂದ. ವಿಚಾರಣೆ ನಡೆದಷ್ಟು ದಿನವೂ ಅವನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂತು ಆ ಕಿವಿಯನ್ನೇ ದಿಟ್ಟಿಸಿದ್ದೆ. ಒಂದು ಸಲ, ಒಂದೇ ಒಂದು ಸಲ ತಿರುಗಿ ನೋಡಲಿಲ್ಲ ಪಾಪಿ. ಆರಾಮವಾಗಿ ಬಾಗಿಲಿಗೆ ಬೆನ್ನು ಹಾಕಿ, ಕಾಲು ಚಾಚಿ ಕೂತಿದ್ದ. ಹಾಗಾಗಿ ನನ್ನ ಮುಖ ಅವನಿಗೆ ಗೊತ್ತೇ ಇಲ್ಲ.

ರೊವೆನಾ ಈಗ ನನ್ನ ಮನೆಯಲ್ಲಿದ್ದಾಳೆ. ಗಟ್ಟಿ ಪದಾರ್ಥ ಅಗಿಯಲಾರಳು. ಎಲ್ಲಿಗೆ ಹೋದರೂ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಹೋಟೆಲಿನಲ್ಲಿ ಗೋಡೆಯ ಪಕ್ಕದ ಮೇಜು ಸಿಗದಿದ್ದರೆ ಹಸಿದುಕೊಂಡೇ ಮನೆಗೆ ಬರುತ್ತಾಳೆ. ಅವನನ್ನು ಎದುರಿಗೆ ಕಂಡರೆ ಸುಟ್ಟು ಹಾಕುತ್ತೇನೆ ಎಂದು ನಾನೊಮ್ಮೆ ಕೂಗಾಡಿದ್ದಕ್ಕೆ ಅವಳು ತಣ್ಣಗೆ ಹೇಳಿದ್ದಳು: "ಸಾಯೋದು ಬೇಡ ಕಣೆ ಅಕ್ಕ. ಸತ್ರೆ ಆರಾಮ. ನನ್ನ ಥರ ಆಗ್ಬೇಕು ಅವನು. ಬಾಗಿಲಿಗೆ ಬೆನ್ನು ಹಾಕಿ ಕೂರೋಕೆ ಹೆದರಬೇಕು."

ಅಂಥ ಅಪರಾಧಕ್ಕೆ ಜೈಲು ಕಂಡು ಬಂದವನು ನಮ್ಮಲ್ಲಿ ಬಂದೂಕು ಕೊಳ್ಳುವಂತಿಲ್ಲ. ಕೊಳ್ಳುವುದಿರಲಿ, ಕೈಯಲ್ಲಿ ಹಿಡಿಯುವಂತೆಯೂ ಇಲ್ಲ. ಹಿಡಿದರೆ ಮತ್ತೆ ಒಳಗೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೈ ಜೇಬಿನಲ್ಲಿ, ಅದಕ್ಕೇ ಜೊತೆಗೆ ಈ ಹುಡುಗಿ. ಇವಳ ಹೆಸರಲ್ಲಿ ಕೊಂಡರೆ ಸಂಜೆಯ ಹೊತ್ತಿಗೆ ಪಿಸ್ತೂಲು ಅವನ ಹಾಸಿಗೆಯ ಪಕ್ಕದಲ್ಲಿರುತ್ತದೆ. ರೊವೆನಾಳಿಗೆ ಬರೀ ಮುಷ್ಟಿಯಲ್ಲಿ ಹೊಡೆದವನು ಇವಳಿಗೆ ಯಾವುದರಲ್ಲಿ ಹೊಡೆಯುತ್ತಾನೆಂದು ಬಿಡಿಸಿ ಹೇಳಬೇಕೇ?

"ಗುಂಡಿನ ಸದ್ದಿಗೆ ಕಿವಿಗೆ ಹಾಕೋ ಮುಚ್ಚಳ ತರ್ತೀನಿ," ಎಂದು ಒಳಕೋಣೆಗೆ ಹೋದೆ. ಅಲ್ಲಿ ನನ್ನ ಮಾವ ಅರ್ವಿಲ್ ಯಾವುದೋ ಹಳೆ ಬಂದೂಕು ಬಿಚ್ಚಿಕೊಂಡು ಕೂತಿದ್ದರು. ಅಂಗಡಿ ಅವರದು. ನನ್ನ ಗಂಡ ತೀರಿಕೊಂಡ ಮೇಲೆ ಕೌಂಟರು ನನ್ನದು.

"ಮಾವ, ಹೊರಗೆ ಹಾಲಿಸ್ ಕ್ರೀಡ್ ಬಂದಿದಾನೆ."

ಅವರ ಕೈಯ ಸ್ಕ್ರೂಡ್ರೈವರ್ ನಿಂತಿತು. "ಆಚೆ ಹಾಕು. ಮಾರಲ್ಲ ಅಂದ್ರೆ ಮುಗೀತು, ಕಾರಣ ಕೊಡ್ಬೇಕು ಅಂತಲೂ ಇಲ್ಲ."

"ಆಚೆ ಹಾಕಿದ್ರೆ ಪಕ್ಕದೂರಿನ ಅಂಗಡಿಗೆ ಹೋಗ್ತಾನೆ. ಅಲ್ಲಿ ಅವನ ಕಿವಿ ಯಾರಿಗೆ ಗೊತ್ತು?"

"ಮತ್ತೇನು ಮಾಡ್ಬೇಕು ಅಂತೀಯಾ?"

"ಪೊಲೀಸ್ ಡೆಪ್ಯುಟಿ ಒರಿನ್‌ಗೆ ಫೋನ್ ಮಾಡಿ. ಹಿಂದೆ ಗುರಿ ಹೊಡೆಯೋ ರೇಂಜಿನ ಕ್ಯಾಮೆರಾ ಓಡ್ತಾ ಇದೆಯಾ ನೋಡಿ. ಉಳಿದಿದ್ದು ನಂಗೆ ಬಿಡಿ."

ಮಾವ ನನ್ನ ಸೊಂಟದ ಕಡೆ ನೋಡಿದರು. ಸಡಿಲ ಅಂಗಿಯ ಕೆಳಗೆ ನನ್ನ ಪಿಸ್ತೂಲು ಇರುವುದು ಅವರಿಗೆ ಗೊತ್ತು. "ಡಾರ್ಲಾ, ಅದನ್ನ ಇಲ್ಲಿ ಬಿಟ್ಟು ಹೋಗು," ಅಂದರು. ನಾನು ಕೇಳಿಸದವಳ ಹಾಗೆ ಹೊರಗೆ ಬಂದೆ.

ಮೊದಲು ಹುಡುಗಿಯ ಹೆಸರು ಕೇಳಿದೆ. ಟ್ಯಾನ್ಸಿ ಅಂತೆ. ಕೈ ಕೊಡು ಅಂದೆ. ಉದ್ದ ಬೆರಳು, ಅಗಲ ಅಂಗೈ. ಆ ಕೈಗೆ ಒಪ್ಪುವ ಪಿಸ್ತೂಲು ಕಪಾಟಿನ ಎರಡನೇ ಸಾಲಿನಲ್ಲಿತ್ತು: ಅಂಗಿಯೊಳಗೆ ಅಡಗುವಷ್ಟು ಗಿಡ್ಡ, ಆದರೆ ಬೆರಳೆಲ್ಲ ಹಿಡಿಯಲ್ಲಿ ಕೂರುವಷ್ಟು ಉದ್ದ. ನಾನು ಅದನ್ನು ಮುಟ್ಟಲಿಲ್ಲ. ಮೇಲಿನ ಸಾಲಿನಿಂದ ಎಲ್ಲಕ್ಕಿಂತ ಪುಟ್ಟದನ್ನು ತೆಗೆದೆ.

ಪಿಸ್ತೂಲು ಪುಟ್ಟದಾದಷ್ಟೂ ಒದೆತ ಜಾಸ್ತಿ. ತೂಕವಿಲ್ಲ, ಹಾಗಾಗಿ ಪೂರ್ತಿ ಏಟು ಕೈಗೇ. ಎರಡು ಬೆರಳು ಹಿಡಿದರೆ ಮೂರನೆಯದಕ್ಕೆ ಜಾಗವಿಲ್ಲ. ಸ್ಪ್ರಿಂಗು ಎಷ್ಟು ಬಿಗಿಯೆಂದರೆ ನಳಿಗೆಯ ಮೇಲೆ ಜಾರುವ ಉಕ್ಕಿನ ಸ್ಲೈಡನ್ನು ಹಿಂದಕ್ಕೆಳೆಯುವಷ್ಟರಲ್ಲಿ ಉಗುರು ಕಿತ್ತು ಬರುತ್ತದೆ. ಆದರೂ ಹೆಂಗಸರಿಗೆ ಪುಟ್ಟದೇ ಸರಿ ಅನ್ನುವುದು ನಮ್ಮ ಗಂಡಸರ ವಾಸಿಯಾಗದ ಹುಚ್ಚು. ಬೆಳಗಿನಿಂದ ಸಂಜೆಯವರೆಗೆ ಆ ಹುಚ್ಚು ಬಿಡಿಸುವುದೇ ನನ್ನ ಕೆಲಸ. ಅವತ್ತು ಮಾತ್ರ ಬಿಡಿಸಲಿಲ್ಲ.

"ಅದೇ! ಅದೇ ನಾನು ಹೇಳಿದ್ದು!" ಹಾಲಿಸ್ ಗಲ್ಲ ಎತ್ತಿದ. "ಬೊಂಬೆ ಥರ ಇದೆ. ಫಾರಂ ಕೊಡಿ, ತುಂಬಿ ಬಿಡ್ತಾಳೆ."

ಫಾರಂ ತುಂಬಿದರೆ ಹುಡುಗಿಯೂ ಸಿಕ್ಕಿಬೀಳುತ್ತಾಳೆ; ಇನ್ನೊಬ್ಬರಿಗಾಗಿ ತನ್ನ ಹೆಸರಲ್ಲಿ ಕೊಳ್ಳುವುದೂ ಜೈಲಿನ ಕೆಲಸವೇ. "ಅಷ್ಟೇನು ಅವಸರ ಸರ್?" ಅಂದೆ. "ಚಪ್ಪಲಿನೂ ಹಾಕ್ಕೊಂಡು ನೋಡಿ ತಾನೆ ತಗೊಳ್ಳೋದು? ನಮ್ಮಲ್ಲಿ ಮೊದಲು ಹೊಡೆದು ನೋಡ್ಬೇಕು. ಹಿಂದೇನೇ ರೇಂಜಿದೆ. ನೀವೂ ಬನ್ನಿ, ದೂರ ನಿಂತು ನೋಡಿ. ನೀವು ಮುಟ್ಟೋದೇನೂ ಬೇಡ."

"ನಾನ್ಯಾಕೆ ಮುಟ್ಟಲಿ?" ಎಂದು ನಕ್ಕ. ಹಲ್ಲೆಲ್ಲ ನೆಟ್ಟಗೆ, ಸಾಲಾಗಿ ಇದ್ದವು. ನನ್ನ ತಂಗಿಗೆ ಮುರಿದ ದವಡೆಯ ಕಡೆ ನಾಲ್ಕು ಹಲ್ಲಿಲ್ಲ.

ರೇಂಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಾಗದದ ಗುರಿಯನ್ನು ಹತ್ತಿರಕ್ಕೇ ನಿಲ್ಲಿಸಿ, ಟ್ಯಾನ್ಸಿಗೆ ನಿಲ್ಲುವ ರೀತಿ ತೋರಿಸಿದೆ. ಮೊದಲ ಗುಂಡಿಗೇ ಅವಳು ಕಣ್ಣು ಮುಚ್ಚಿದಳು. ಕಾಗದ ಅಲುಗಲಿಲ್ಲ. ಎರಡನೆಯದು ನೆಲಕ್ಕೆ ಹೋಯಿತು. ಮೂರನೆಯದಕ್ಕೆ "ಅಮ್ಮಾ" ಅಂದಳು.

"ಏನೇ ಅದು? ಆನೆ ಗಾತ್ರ ಇದೆ ಕಾಗದ, ಅದಕ್ಕೂ ತಗಲಿಸಕ್ಕಾಗಲ್ವಾ?" ಹಾಲಿಸ್ ಹಿಂದಿನಿಂದ ಕೂಗಿದ.

"ಇದು ತುಂಬ ಒದೀತಿದೆ."

"ಬೊಂಬೆ ಒದೆಯುತ್ತಂತೆ! ಕೇಳಿದ್ರಾ ಮೇಡಂ?"

"ಕಷ್ಟ ಸರ್, ಎಲ್ಲರಿಗೂ ಬರಲ್ಲ," ಎಂದೆ, ಸಕ್ಕರೆಯಂಥ ದನಿಯಲ್ಲಿ. "ಇದರಲ್ಲಿ ಗಂಡಸರೂ ತಪ್ತಾರೆ. ಮೊನ್ನೆ ಒಬ್ರು ನಿಮ್ಮ ಥರಾನೇ ಎತ್ತರದವರು, ಒಂದೂ ತಗಲಿಸದೆ ಮುಖ ಊದಿಸ್ಕೊಂಡು ಹೋದ್ರು."

ಅವನ ಮೊಣಕೈ ಅಲುಗಿತು. ಕೈ ಇನ್ನೂ ಜೇಬಿನಲ್ಲೇ.

ಮುಂದಿನ ಗುಂಡಿಗೆ ಟ್ಯಾನ್ಸಿ ಹೆಬ್ಬೆರಳನ್ನು ಮೇಲೆ, ಸ್ಲೈಡಿನ ಹಿಂದಕ್ಕೇ ತಂದಿದ್ದಳು. ನನಗೆ ಕಂಡಿತು. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಸ್ಲೈಡ್ ಹಿಂದಕ್ಕೆ ಹಾರಿ ಚರ್ಮ ಕಿತ್ತಿತು. ರಕ್ತ ಮಣಿಕಟ್ಟಿನವರೆಗೆ ಇಳಿಯಿತು. ಆ ರಕ್ತ ನನ್ನ ಲೆಕ್ಕದ್ದು. ಅವನಿಗೆ ಹಾಕಿದ ಗಾಳಕ್ಕೆ ಎರೆಹುಳುವಾಗಿ ಈ ಹುಡುಗಿಯನ್ನು ಸಿಕ್ಕಿಸಿದ್ದೆ, ಅಷ್ಟೂ ಗೊತ್ತಿದ್ದೇ ಸಿಕ್ಕಿಸಿದ್ದೆ. ಅವಳು ಅಳುತ್ತ ಪಿಸ್ತೂಲನ್ನು ಮೇಜಿನ ಮೇಲಿಟ್ಟಳು.

"ಥೂ! ಯಾವ ಕೆಲಸಕ್ಕೂ ಬಾರದವಳು. ಸರಿ ಆಕಡೆ!"

ಕೈ ಹೊರಗೆ ಬಂತು. ಎರಡೂ.

ಎಷ್ಟು ಚೆನ್ನಾಗಿ ಹಿಡಿದ ಎನ್ನುತ್ತೀರಿ! ತಿಂಗಳುಗಟ್ಟಲೆ ಉಪವಾಸವಿದ್ದವನಿಗೆ ರೊಟ್ಟಿ ಸಿಕ್ಕಂತೆ. ಪಿಸ್ತೂಲಿನಲ್ಲಿ ಉಳಿದಿದ್ದ ಎರಡು ಗುಂಡು ಕಾಗದದ ಎದೆಗೆ ಹೊಡೆದ. ತಾನೇ ಮತ್ತೆ ಗುಂಡು ತುಂಬಿದ, ಮತ್ತೆ ಹೊಡೆದ. ನನ್ನ ಕಡೆ ತಿರುಗಿ, "ಹೇಗೆ ಮೇಡಂ? ನಿಮ್ಮ ಎತ್ತರದವರಿಗೆ ಹೇಳಿ," ಎಂದು ಹಲ್ಲು ಕಿರಿದ. ತಲೆಯ ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ಹಾಲಿಸ್, ಕೈ ಉರೀತಿದೆ, ಹೋಗೋಣ," ಎಂದಳು ಟ್ಯಾನ್ಸಿ.

"ನಾನು ಹೇಳಿದಾಗ ಹೋಗೋಣ!" ಎಂದು ಅವಳತ್ತ ತಿರುಗಿದ. ಪಿಸ್ತೂಲಿನ ನಳಿಗೆಯೂ ಅವನ ಜೊತೆಗೇ ತಿರುಗಿ ಅವಳ ಹೊಟ್ಟೆಯ ಮಟ್ಟದಲ್ಲಿ ನಿಂತಿತು. ಬೆರಳು ಟ್ರಿಗರಿನ ಮೇಲೆ. ಒಳಗೆ ಗುಂಡಿದೆ.

ನನ್ನ ಕೈ ಆಗಲೇ ಅಂಗಿಯ ಕೆಳಗಿತ್ತು. ಪಿಸ್ತೂಲು ಹೊರಬಂದು ಅವನ ಬೆನ್ನಿಗೆ ನೆಟ್ಟಿತು. ಹರಿದ ಕಿವಿ, ಕೆಂಪು ಕುತ್ತಿಗೆ. ಹೊಡೆದರೆ ಯಾಕೆಂದು ಯಾರೂ ಕೇಳುವಂತಿರಲಿಲ್ಲ. ಹುಡುಗಿಯ ಜೀವ ಉಳಿಸಿದಳೆಂದು ಊರವರು ಮನೆಗೆ ಕಡುಬು ಹೊತ್ತು ತರುತ್ತಿದ್ದರು. ಆಣೆ ಮಾಡಿ ಹೇಳುತ್ತೇನೆ, ಹೊಡೆಯಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಬಾಯಲ್ಲಿ ನೀರು ಬಂತು. ಸತ್ರೆ ಆರಾಮ ಕಣೆ ಅಕ್ಕ. ರೊವೆನಾಳ ಮಾತು ಅಡ್ಡ ಬಂತು. ಇವನಿಗೆ ಆರಾಮ ಕೊಡಲು ನಾನ್ಯಾರು?

"ಗುಂಡು ನಿಲ್ಲಿಸಿ! ನಳಿಗೆ ಗುರಿ ಕಡೆ! ಕೆಳಗಿಡಿ!" ರೇಂಜಿನ ಕೂಗು ಕೂಗಿದೆ. ಗೋಡೆಗಳು ನಡುಗಿದವು. ಬಂದೂಕು ಬಲ್ಲವನಿಗೆ ಆ ಕೂಗು ನರದಲ್ಲೇ ಇರುತ್ತದೆ. ಯೋಚಿಸುವ ಮೊದಲೇ ಕೈ ಪಾಲಿಸುತ್ತದೆ. ಅವನು ನಳಿಗೆಯನ್ನು ಗುರಿಯತ್ತ ತಿರುಗಿಸಿ ಮೇಜಿನ ಮೇಲಿಟ್ಟ. ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ನೋಡಿದ.

"ಏನ್ ಮೇಡಂ ಇದು, ತಮಾಷೇನಾ?"

ಗಾಜಿನ ಬಾಗಿಲು ತೆರೆದು ಡೆಪ್ಯುಟಿ ಒರಿನ್ ಒಳಬಂದ, ಹಿಂದೆ ಮಾವ. ಎಲ್ಲವನ್ನೂ ಗಾಜಿನಾಚೆಯಿಂದ ಅವರು ನೋಡಿದ್ದರು. ಹಾಲಿಸ್ ಮಣಿಕಟ್ಟಿಗೆ ಬೇಡಿ ಬೀಳುವವರೆಗೂ "ಅದು ಅವಳದು, ಅವಳಿಗೆ ತೋರಿಸಿಕೊಟ್ಟೆ ಅಷ್ಟೇ" ಎಂದು ಬಡಬಡಿಸುತ್ತಿದ್ದ.

ಅವನು ಬಾಗಿಲು ದಾಟುವಾಗ ಹರಿದ ಕಿವಿಯ ಹತ್ತಿರ ಹೋಗಿ ಹೇಳಿದೆ: "ರೊವೆನಾ ನನ್ನ ಒಡಹುಟ್ಟಿದ ತಂಗಿ ಕಣೋ."

ಆಗ ತಿರುಗಿ ನೋಡಿದ ನೋಡಿ! ಕಾರಿನವರೆಗೂ ಕತ್ತು ತಿರುಗಿಸಿಕೊಂಡೇ ನಡೆದ. ಹೊಸಲು ಎಡವಿದ.

ಟ್ಯಾನ್ಸಿಯ ಹೆಬ್ಬೆರಳಿಗೆ ಬಟ್ಟೆ ಕಟ್ಟಲು ಹೋದೆ. ಕೈ ಕಿತ್ತುಕೊಂಡಳು. "ನೀನೇ ಸಿಕ್ಕಿಸಿದ್ದು ಅವನನ್ನ. ನಂಗೆ ಬೇಕಂತಲೇ ಅದನ್ನ ಕೊಟ್ಟೆ, ಅಲ್ವಾ?"

"ಹೌದು," ಎಂದೆ. "ನಿನ್ನ ಕೈಗೆ ಆಗಿದ್ದು ನನ್ನಿಂದ. ಅದಕ್ಕೆ ಬೈಯಿ, ಬೈಸ್ಕೋತೀನಿ. ಅವನಿಗೆ ಆಗಿದ್ದಕ್ಕೆ ಮಾತ್ರ ನಂಗೆ ಒಂದಿಷ್ಟೂ ಬೇಜಾರಿಲ್ಲ."

"ಹಾಳಾಗಿ ಹೋಗು," ಎಂದು ಬಾಗಿಲು ಬಡಿದು ಹೋದಳು.

ಶಿಕ್ಷೆ ಹೇಳುವ ದಿನ ರೊವೆನಾ ತಾನೂ ಬರುತ್ತೇನೆಂದಳು. ಹಿಂದಿನ ಗೋಡೆಗೆ ಒರಗಿದ ಬೆಂಚು ಹುಡುಕಿ, ತನ್ನ ಕೇಳುವ ಕಿವಿಯನ್ನು ಮುಂದಕ್ಕೆ ಮಾಡಿ ಕೂತಳು. ಹಾಲಿಸ್‌ನನ್ನು ಕರೆತಂದು ಮುಂದಿನ ಮೇಜಿನಲ್ಲಿ ಕೂರಿಸಿದರು, ನ್ಯಾಯಾಧೀಶರ ಕಡೆ ಮುಖ, ಬಾಗಿಲ ಕಡೆ ಬೆನ್ನು. ಕಾಲು ಚಾಚಲಿಲ್ಲ ಈ ಸಲ. ಯಾರೋ ಬಾಗಿಲು ತೆರೆದರು. ಅವನ ಕುತ್ತಿಗೆ ಗಕ್ಕನೆ ತಿರುಗಿತು. ನನ್ನನ್ನು ಕಂಡ, ಪಕ್ಕದಲ್ಲಿ ಅವಳನ್ನು ಕಂಡ, ಮುಂದಕ್ಕೆ ತಿರುಗಿದ. ಮತ್ತೆ ಬಾಗಿಲು ಕಿರ್ ಅಂದಿತು. ಮತ್ತೆ ತಿರುಗಿದ.

ರೊವೆನಾ ನನ್ನ ಮೊಣಕೈ ತಿವಿದಳು. "ಅಕ್ಕ, ಬಾಯಾರಿಕೆ. ನೀರು ತಗೊಂಡ್ಬಾ."

ಹೋಗಿ ಬಂದೆ. ಅವನು ತಿರುಗಿದ. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಕಾರಿಗೆ ಬೀಗ ಹಾಕಿದ್ಯಾ? ಹೋಗಿ ನೋಡ್ಕೊಂಡ್ಬಾ."

ಹಾಕಿದ್ದೆ. ಆದರೂ ಹೋಗಿ ಬಂದೆ. ಅವನ ಕುತ್ತಿಗೆಯ ಮಡಿಕೆಯಲ್ಲಿ ಬೆವರು ಹೊಳೆಯುತ್ತಿತ್ತು. ರೊವೆನಾ ಸೊಟ್ಟ ದವಡೆಯಲ್ಲಿ ನಗುತ್ತಿದ್ದಳು.

ಮುಂದಿನ ಸಲ ಬಾಗಿಲು ತೆರೆದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಬಂದವಳು ಟ್ಯಾನ್ಸಿ. ಹೆಬ್ಬೆರಳಿನ ಬುಡದಲ್ಲಿ ಗಾಯ ಒಣಗಿ ಕಲೆಯಾಗಿತ್ತು. ಹಾಲಿಸ್ ತಿರುಗಿ, ಅವಳನ್ನು ಕಂಡು, ಬಾ ಎನ್ನುವಂತೆ ಗಲ್ಲ ಎತ್ತಿದ. ಅವಳು ಅವನನ್ನು ನೋಡಿದಳು, ರೊವೆನಾಳ ಸೊಟ್ಟ ದವಡೆಯನ್ನೂ ನೋಡಿದಳು. ಆಮೇಲೆ ನಮ್ಮ ಬೆಂಚಿನ ಕಡೆ ಬಂದಳು. ರೊವೆನಾ ತನ್ನ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಪಕ್ಕದ ಜಾಗ ಅವಳಿಗೆ ಬಿಟ್ಟುಕೊಟ್ಟಳು.