ಬೆರಳಿಗೆ ಬಂದ ಎಚ್ಚರ

ಸಾಯಗಾಂವದ ಶಾಂತಾಬಾಯಿ ಭಾಲ್ಕಿಯ ದಾಲ್ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದವಳು. ಒಂದು ಮಧ್ಯಾಹ್ನ ಅವಳ ಬಲಗೈ ಯಂತ್ರದ ಪಟ್ಟಾಕ್ಕೆ ಸಿಕ್ಕಿತು. ಡಾಕ್ಟರು ಕೈ ಉಳಿಸಿದರು, ಬೆರಳುಗಳ ಅರಿವು ಮಾತ್ರ ಉಳಿಯಲಿಲ್ಲ. ಬಿಸಿ ರೊಟ್ಟಿ ಹಿಡಿದರೂ ಬೇರೆ ಯಾರೋ ಹಿಡಿದ ಹಾಗೆ. ತನ್ನ ಕೈ ದೂರದ ಯಾವುದೋ ಊರಲ್ಲಿ ಮಲಗಿಬಿಟ್ಟಿದೆ, ಇಲ್ಲಿರುವುದು ಅದರ ನೆರಳು ಅನ್ನಿಸುತ್ತಿತ್ತು.

ವಾರಕ್ಕೆರಡು ಸಲ ಬಸ್ಸು ಹತ್ತಿ ಬೀದರಿನ ಪುನರ್ವಸತಿ ಕೇಂದ್ರಕ್ಕೆ ಹೋಗತೊಡಗಿದಳು. ಅಲ್ಲಿ ವ್ಯಾಯಾಮ ಮಾಡಿಸುವ ಸಾಯಿಮಾ ಎರಡು ತಿಂಗಳು ಬೆರಳು ಮಡಚಿಸಿ, ಬಿಡಿಸಿ, ಒಂದು ದಿನ ಮೂರು ಬೋಗುಣಿಗಳಲ್ಲಿ ಕಾಳು ತಂದಿಟ್ಟಳು.

"ಕಣ್ಣ ಮುಚ್ಚರಿ ಅಕ್ಕಾ. ಮುಟ್ಟಿ ಯಾವ ಕಾಳಂತ ಹೇಳ್ರಿ."

"ಮಳಲದಾಗ ಕೈ ಇಟ್ಟಂಗ ಆಗ್ತದರಿ. ಏನೂ ತಿಳೀವಲ್ದು."

"ಈಗ ನೋಡಕೋತ ಮುಟ್ರಿ. ಮತ್ತ ಮುಚ್ಚರಿ. ಬೆರಳು ಮರತಾವ, ನಾವಽ ನೆನಪ ಮಾಡಿಕೊಡಬೇಕು."

ಹಾಗೆ ದಿನಗಳು ಸರಿದವು. ಕಣ್ಣು ಮುಚ್ಚಿದೊಡನೆ ಶಾಂತಾಬಾಯಿಗೆ ಹಳದಿ ಹೂವಿನ ತೊಗರಿ ಹೊಲ ಕಾಣುತ್ತಿತ್ತು. ಸಾಲುಗಳ ನಡುವೆ ಅವಳು ನಡೆಯುತ್ತಿದ್ದಳು, ಮಣ್ಣು ಕಾಲಿಗೆ ಬೆಚ್ಚಗೆ. ಅಂಥ ಒಂದು ಹೊತ್ತಿನಲ್ಲಿ ಹೆಬ್ಬೆರಳಿಗೆ ಏನೋ ನುಣ್ಣಗೆ ತಾಗಿತು.

"ಇದು ಹೆಸರಕಾಳು," ಎಂದಳು ಮೆಲ್ಲಗೆ. "ತೊಗರಿ ಇದಕಿಂತ ದಪ್ಪ ಇರ್ತದ."

ಶಾಂತಾಬಾಯಿಯನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವ ಬಗ್ಗೆ ಸಾಯಿಮಾ ತಾನೇ ಮಿಲ್ಲಿಗೆ ಬಂದು ಮ್ಯಾನೇಜರ್ ಬಸವಣ್ಣೆಪ್ಪನ ಜೊತೆ ಮಾತಾಡಿದಳು.

"ಯಂತ್ರದ ಹಂತೇಕ ಬ್ಯಾಡ್ರಿ. ಕಾಳು ಆರಿಸೋ ಮೇಜಿನ ಮುಂದ ಕೂಡಸ್ರಿ, ಮೊದಲ ತಿಂಗಳು ಅರ್ಧ ದಿನ."

"ಮತ್ತ ಏನರ ಆದ್ರ?"

"ಆ ಪಟ್ಟಾಕ್ಕ ಜಾಳಗಿ ಹಾಕಸ್ರಿ. ಉಳದವರಿಗೂ ಚಲೋ."

ಬಸವಣ್ಣೆಪ್ಪ ಒಪ್ಪಿ ತಲೆಯಾಡಿಸಿದ. ವಾರದೊಳಗೆ ಪಟ್ಟಾಕ್ಕೆ ಕಬ್ಬಿಣದ ಬಲೆಯ ಜಾಳಗಿ ಬಂತು.

ಮೊದಲ ದಿನ ಮಿಲ್ಲಿನ ಸದ್ದಿಗೆ ಶಾಂತಾಬಾಯಿ ಬಾಗಿಲಲ್ಲೇ ಒಮ್ಮೆ ನಿಂತು, ಆಮೇಲೆ ಒಳಗೆ ಹೋದಳು. ಬೆಳಕಿನಲ್ಲಿ ದಾಲಿನ ಧೂಳು ಬಂಗಾರದ ಮಂಜಿನಂತೆ ತೇಲುತ್ತಿತ್ತು. ಮೇಜಿನ ಮುಂದೆ ಕೂತು ಎಡಗೈಯಿಂದ ಕಾಳು ಸರಿಸಿದಳು, ಬಲಗೈಯಿಂದ ಹರಳು ಹುಡುಕಿದಳು. ಕೊನೆಯ ಎರಡು ಬೆರಳಿಗೆ ಇನ್ನೂ ಏನೂ ತಿಳಿಯುತ್ತಿರಲಿಲ್ಲ. ಉಳಿದ ಮೂರು ಸಾಕಾದವು.

ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ನಳದ ಕೆಳಗೆ ಬಲಗೈ ಒಡ್ಡಿದಳು. ನೀರು ತಂಪಾಗಿತ್ತು. ಮನೆಗೆ ಹೋಗುವುದನ್ನೂ ಮರೆತು ಬಹಳ ಹೊತ್ತು ಹಾಗೇ ನಿಂತಳು.

"ನಾಳಿ ಬರ್ತೀರೇನ್ರಿ?" ಬಸವಣ್ಣೆಪ್ಪ ಕೇಳಿದ.

"ಬರ್ತೇನ್ರಿ," ಎಂದಳು.