ಎತೇರಿಗೆ ಬಂದ ಮಾತಿನ ಸರದಿ

"ಕಾಲು ಮುಂದೆ ಬರ್ಲಿ, ಕಾಲು ಮುಂದೆ! ತಲೆ ಕಡೆ ಯಾಕ್ರೋ ತಿರುಗಿಸ್ತೀರಾ?"

ಮೆಟ್ಟಿಲ ತಿರುವಿನಲ್ಲಿ ನಿಂತು ನೊದಾರ್ ಕೂಗುತ್ತಿದ್ದ. ಶವಪೆಟ್ಟಿಗೆಯ ಮೂಲೆ ಗೋಡೆಗೆ ಸಿಕ್ಕಿ, ಸುಣ್ಣದ ಹಕ್ಕಳೆ ಉದುರಿ ಹೊತ್ತವರ ಕಪ್ಪು ಅಂಗಿಗಳ ಮೇಲೆ ಬಿದ್ದಿತ್ತು. ರುಸ್ತಾವಿ ಊರಿನ ಈ ಕಟ್ಟಡಗಳನ್ನು ಕಟ್ಟಿಸಿದವರು ಬದುಕಿರುವವರು ಹತ್ತಿ ಇಳಿಯುವುದನ್ನಷ್ಟೇ ಲೆಕ್ಕ ಹಾಕಿದ್ದರು. ಸತ್ತವರೂ ಒಂದು ದಿನ ಇಳಿಯಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ದೊಡ್ಡಪ್ಪಾ, ಕಂಬಿ ಮೇಲಿಂದ ಎತ್ತಿ ದಾಟಿಸ್ಬೇಕು," ಎಂದ ತೇಮೋ. ಸತ್ತ ಲಾಶಾನ ಜೊತೆ ಬೆಟ್ಟದ ಆಶ್ರಮದಲ್ಲಿ ಚಟ ಬಿಡಲು ಇದ್ದವನು ಅವನು.

"ಎತ್ತಪ್ಪಾ ಎತ್ತು. ಬೆಟ್ಟಕ್ಕೆ ಹೋಗೋಕೆ ಮುಂಚೆ ಕಡ್ಡಿ ಹಂಗಿದ್ದ. ಅಲ್ಲಿ ಫಾದರ್ ಹಾಕಿದ ಊಟಕ್ಕೆ ಈಗ ನಮ್ಮ ಸೊಂಟ ಮುರೀತಿದೆ," ಎಂದ ಕೆಳಮನೆಯ ಮುದುಕ ವಾಝಾ. ಒಬ್ಬಿಬ್ಬರು ನಕ್ಕರು, ಹಿಂದೆ ತಾಯಿ ಬರುತ್ತಿರುವುದು ಕಂಡು ನಗು ನುಂಗಿಕೊಂಡರು.

ಎತೇರಿ ಕೇಳಿಸಿಕೊಂಡಳು. ಬೇಸರವಾಗಲಿಲ್ಲ. ಮಗ ಮೈತುಂಬಿಕೊಂಡಿದ್ದ ಎಂದು ಯಾರಾದರೂ ಹೇಳಿದರೆ ಅವಳಿಗೆ ಈಗಲೂ ಹಿತವಾಗುತ್ತಿತ್ತು.

"ಇದ್ದಕ್ಕಿದ್ದಂಗೆ ಏನಾಯ್ತಣ್ಣಾ?" ಎಂದು ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ನೊದಾರನನ್ನು ಕೇಳಿದಳು.

"ಹಾರ್ಟು ಕಣಮ್ಮಾ. ಅವರಪ್ಪಂಗೂ ಹಂಗೇ ಆಗಿದ್ದು."

ಅವರಪ್ಪ ಸತ್ತಿದ್ದು ಉಕ್ಕಿನ ಕಾರ್ಖಾನೆಯ ಕ್ರೇನಿನ ಮೇಲಿಂದ ಬಿದ್ದು. ಅದು ಇಡೀ ಕಟ್ಟಡಕ್ಕೇ ಗೊತ್ತು. ಆದರೂ ಆ ಹೆಂಗಸು ಹೌದೌದು ಎಂದು ತಲೆಯಾಡಿಸಿದಳು. ಸಾವಿನ ಮನೆಯಲ್ಲಿ ಹಿರಿಯರು ಏನು ಹೇಳಿದರೆ ಅದೇ ಸರಿ.

*

ಲಾಶಾ ಟೈಲ್ಸ್ ಹಾಕುವವನು. ಆ ಕಟ್ಟಡದ ಅರ್ಧಕ್ಕರ್ಧ ಬಚ್ಚಲುಗಳು ಅವನ ಕೈಕೆಲಸ. ಹಾಕಿದ ಮೇಲೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಮತ್ತೆ ಕೂರಿಸುತ್ತಿದ್ದ. ಕೆಲಸದಲ್ಲಿ ಅಷ್ಟು ನಿಗಾ ಇದ್ದವನಿಗೆ ತನ್ನ ಮೇಲೆ ಇರಲಿಲ್ಲ. ಇಪ್ಪತ್ತಕ್ಕೇ ಮಾದಕದ ಸೂಜಿ ಹಿಡಿದ. ಜೈಲು ಕಂಡ. ತಾಯಿಯ ಬೆಳ್ಳಿ ಚಮಚಗಳನ್ನು ಮಾರಿದ, ಅವಳ ಕಾಲು ಹಿಡಿದು ಅತ್ತ, ಮತ್ತೆ ಸೂಜಿ ಹಿಡಿದ.

ಆಮೇಲೆ ದಾಲಿ ಬಂದಳು. ಹಳೇ ಕಾರಿನ ಡಿಕ್ಕಿಯಲ್ಲಿ ಹೊಸ ಸೂಜಿಗಳನ್ನಿಟ್ಟುಕೊಂಡು ಚಟದವರನ್ನು ಹುಡುಕಿಕೊಂಡು ಹೋಗಿ ಕೊಡುವವಳು. ಬಿಡು ಎನ್ನುತ್ತಿರಲಿಲ್ಲ, ಸಾಯಬೇಡ ಎನ್ನುತ್ತಿದ್ದಳು. ಲಾಶಾನನ್ನು ಚಿಕಿತ್ಸಾಲಯಕ್ಕೆ ಸೇರಿಸಿದ್ದು ಅವಳೇ. ದಿನಾ ಬೆಳಿಗ್ಗೆ ಅಲ್ಲಿ ನರ್ಸಿನ ಕಣ್ಣೆದುರು ಒಂದು ಗುಟುಕು ಕಹಿ ಔಷಧ ಕುಡಿಯುವುದು, ಕೆಲಸಕ್ಕೆ ಹೋಗುವುದು, ರಾತ್ರಿ ಮನೆಗೆ ಬಂದು ತಾಯಿ ಮಾಡಿದ ಹುರುಳಿಯ ಸಾರಿಗೆ ಉಪ್ಪು ಸಾಲದು ಎಂದು ಗೊಣಗುವುದು. ಹಾಗೆ ನಾಲ್ಕು ವರ್ಷ ನಡೆಯಿತು. ಎತೇರಿಗೆ ಅಷ್ಟು ಸಾಕಾಗಿತ್ತು.

ಗಂಡನ ಅಣ್ಣ ನೊದಾರನಿಗೆ ಸಾಕಾಗಲಿಲ್ಲ. "ಒಂದು ವಿಷ ಬಿಡಿಸಿ ಇನ್ನೊಂದು ವಿಷ ಕುಡಿಸ್ತಾರೆ, ಅದಕ್ಕೆ ಡಾಕ್ಟ್ರ ಸಹಿ ಬೇರೆ! ಬಿಟ್ರೆ ಪೂರ್ತಿ ಬಿಡ್ಬೇಕು," ಎಂದು ಅವನನ್ನು ಫಾದರ್ ಸ್ಪಿರಿದೋನರ ಆಶ್ರಮಕ್ಕೆ ಕರೆದೊಯ್ದ. ಅಲ್ಲಿ ಮೇಕೆ, ಸೌದೆ, ಪ್ರಾರ್ಥನೆ. ಔಷಧವಿಲ್ಲ. ಸೂಜಿಯ ಮಾತೆತ್ತುವುದೂ ನಿಷಿದ್ಧ. ಹತ್ತಿರ ಹತ್ತಿರ ಒಂದು ವರ್ಷವಾದ ಮೇಲೆ ಲಾಶಾ ಕೆನ್ನೆ ತುಂಬಿಕೊಂಡು ಮನೆಗೆ ಬಂದ. ನೊದಾರ್ ಕುರಿ ಕಡಿದು ಊಟ ಹಾಕಿದ.

ಅದೇ ದಿನ ದಾಲಿ ಬಾಗಿಲಿಗೆ ಬಂದಳು. ಅಂಗೈಯಲ್ಲಿ ಒಂದು ಚಿಕ್ಕ ಪೊಟ್ಟಣವಿತ್ತು.

"ಎತೇರಿ ಅಕ್ಕಾ, ನಂಗೂ ಸಂತೋಷಾನೇ. ಆದ್ರೆ ಈಗ ಅವನ ಮೈ ಹಳೇ ಮೈ ಅಲ್ಲ. ಅಪ್ಪಿತಪ್ಪಿ ಒಂದ್ಸಲ ಎಡವಿದ ಅನ್ಕೋ, ಕೈ ಹಳೇ ಅಳತೇನೇ ತಗೊಳತ್ತೆ, ಮೈ ತಡ್ಕೊಳಲ್ಲ. ಇದು ಆ ವಿಷ ಇಳಿಸೋ ಮದ್ದು, ಮನೇಲಿಟ್ಟಿರು. ಉಸಿರು ನಿಲ್ಲೋ ಹಾಗಾದ್ರೆ ಮೂಗಿಗೆ ಬಿಡು, ಆಂಬುಲೆನ್ಸ್ ಕರಿ."

ಎತೇರಿ ಕೈ ಚಾಚಿದ್ದಳು. ಒಳಗಿಂದ ನೊದಾರ್ ಬಂದ. "ಶುಭದ ಮನೇಲಿ ಸಾವಿನ ಮಾತಾಡ್ತೀಯಲ್ಲೇ! ಹುಡುಗ ಎಡವ್ಲಿ ಅಂತ್ಲೇ ಕಾಯ್ತಿದೀಯಾ? ನಡಿ ಆಚೆ." ಎತೇರಿ ಚಾಚಿದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡು ಹಿಂದಕ್ಕೆ ತೆಗೆದುಕೊಂಡಳು.

ತಿಂಗಳು ತುಂಬುವ ಮೊದಲೇ, ಒಂದು ಮಧ್ಯಾಹ್ನ, ಅವನೇ ಬಿಳಿ ಟೈಲ್ಸ್ ಹಾಕಿದ ಬಚ್ಚಲಲ್ಲಿ ಲಾಶಾ ಗೋಡೆಗೊರಗಿ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಇನ್ನೂ ಸಣ್ಣಗೆ ಉಸಿರಿತ್ತು. ಎತೇರಿ ಮುಖಕ್ಕೆ ನೀರು ಚಿಮುಕಿಸಿದಳು, ಕೆನ್ನೆಗೆ ಹೊಡೆದಳು, ಹೆಸರು ಹಿಡಿದು ಕೂಗಿದಳು. ಆಂಬುಲೆನ್ಸಿನವರು ಮೆಟ್ಟಿಲು ಹತ್ತುವ ಹೊತ್ತಿಗೆ ಅದೂ ನಿಂತಿತ್ತು.

*

ಗುಂಡಿಗೆ ಮಣ್ಣು ಬಿದ್ದ ಮೇಲೆ ಜನ ಸ್ಮಶಾನದ ಗೇಟಿನತ್ತ ಹೊರಟರು. ಎತೇರಿಯ ಮುಂದೆಯೇ ತೇಮೋ ನಡೆಯುತ್ತಿದ್ದ, ಪಕ್ಕದಲ್ಲಿ ಅವನ ತಾಯಿ ಲಮಾರಾ. ಆಶ್ರಮದ ಅವಧಿ ಮುಗಿಸಿದ ಮಗನನ್ನು ಮನೆಗೆ ಕರೆದೊಯ್ಯಲು ಬಂದವಳು, ಹಾಗೇ ಅವನ ಜೊತೆ ಮಣ್ಣಿಗೂ ಬಂದಿದ್ದಳು. ಪಾಪ, ಸತ್ತವರ ಮುಂದೆ ಸಂತೋಷ ತೋರಬಾರದೆಂದು ಮುಖವನ್ನು ಎಷ್ಟು ಬಿಗಿದರೂ ಅದು ಸಡಿಲಗೊಳ್ಳುತ್ತಿತ್ತು.

"ಮೂವತ್ತೆಂಟಕ್ಕೇ ಹಾರ್ಟಾ? ಅಮ್ಮಾ, ನಾಳೆ ಊರಿಗೆ ಹೋದ ತಕ್ಷಣ ನಂದೂ ಒಂದ್ಸಲ ತೋರಿಸ್ಕೋಬೇಕು," ಎಂದ ತೇಮೋ.

"ತೋರಿಸೋಣ ಕಣಪ್ಪಾ. ನಿಂಗೇನೂ ಇರಲ್ಲ. ಗುಂಡುಕಲ್ಲಿನ ಹಂಗಿದೀಯ."

ಎತೇರಿಯ ಕಾಲು ನಿಂತುಹೋಯಿತು. ಇವನು ನಂಬಿದ್ದಾನೆ. ನಾಳೆ ಇವನೂ ಕೆನ್ನೆ ತುಂಬಿಕೊಂಡು ಮನೆಗೆ ಹೋಗುತ್ತಾನೆ, ಲಮಾರಾಳೂ ಒಂದು ದಿನ ಬಚ್ಚಲ ಬಾಗಿಲು ಬಡಿಯುತ್ತಾಳೆ.

ಹಿಂದೆ ಬರುತ್ತಿದ್ದ ಫಾದರ್ ಸ್ಪಿರಿದೋನರ ತೋಳು ಹಿಡಿದಳು. "ಫಾದರ್, ಆ ಹುಡುಗನಿಗೆ ನಿಜ ಹೇಳಿ."

"ಏನಂತ ಹೇಳ್ಲಮ್ಮಾ? ಇಷ್ಟು ತಗೊಂಡ್ರೆ ಸಾಯ್ತೀಯ ಅಂದ್ರೆ, ಅದಕ್ಕಿಂತ ಕಮ್ಮಿ ತಗೋ ಅಂತ ನಾನೇ ಕಲಿಸ್ದಂಗೆ. ಕಷ್ಟಪಟ್ಟು ಮುಚ್ಚಿದ ಬಾಗಿಲನ್ನ ನಾನೇ ತೆಗೀಲಾ?" ಅವರ ಕಣ್ಣು ಕೆಂಪಾಗಿತ್ತು. ಲಾಶಾನನ್ನು ಅವರು ನಿಜವಾಗಿಯೂ ಹಚ್ಚಿಕೊಂಡಿದ್ದರು, ಅದು ಎತೇರಿಗೂ ಗೊತ್ತಿತ್ತು.

"ಎತೇರಿ," ಎಂದು ನೊದಾರ್ ನಡುವೆ ಬಂದ. "ಸತ್ತೋನ ಮಾನ ಕಾಯೋದು ಕಲಿ. ಬಾಯಿ ಮುಚ್ಕೊಂಡು ಊಟಕ್ಕೆ ನಡಿ."

*

ಕಟ್ಟಡದ ಅಂಗಳದಲ್ಲಿ ಹಾಕಿದ ಡೇರೆಯೊಳಗೆ ಉದ್ದನೆಯ ಮೇಜುಗಳು, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಕುರಿಮಾಂಸದ ಅನ್ನ ಹಬೆಯಾಡುತ್ತಿತ್ತು. ಜೇನಿನಲ್ಲಿ ಕಲಸಿದ ಗೋಧಿ, ಮೀನು, ಮಣ್ಣಿನ ಹೂಜಿಗಳಲ್ಲಿ ವೈನು. ಆಶ್ರಮದ ಹುಡುಗರ ಮುಂದೆ ಮಾತ್ರ ಹಸಿರು ಶರಬತ್ತಿನ ಬಾಟಲಿಗಳಿದ್ದವು. ಸೂಜಿ ಬಿಟ್ಟವರ ಪಕ್ಕ ಕೂತು ಊರಿನ ಮಾನವಂತರು ಹೂಜಿಗಟ್ಟಲೆ ಇಳಿಸುತ್ತಿದ್ದರು, ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ದಾಲಿ ಡೇರೆಯ ಬಾಯಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

ನೊದಾರನೇ ತಮಾದಾ, ಅಂದರೆ ಮೇಜಿನ ಯಜಮಾನ. ಅವನು ಗ್ಲಾಸೆತ್ತಿ ಮಾತಾಡಿದ ಮೇಲೆಯೇ ಉಳಿದವರು ಕುಡಿಯಬೇಕು. ಅವನು "ಅಲಾವೆರ್ದಿ" ಎಂದು ಯಾರ ಹೆಸರು ಹೇಳುತ್ತಾನೋ ಮಾತು ಅವರದ್ದಾಗುತ್ತದೆ. ಅವರು ಮಾತು ಮುಗಿಸಿ ಗುಟುಕು ಕುಡಿಯುವ ತನಕ ಬೇರೆ ಯಾರೂ ಬಾಯಿ ಹಾಕುವಂತಿಲ್ಲ, ಎದ್ದು ನಿಂತವರು ಕೂರುವಂತಿಲ್ಲ.

ಸತ್ತವನಿಗೆ, ಅವನಪ್ಪನಿಗೆ, ಅಜ್ಜಂದಿರಿಗೆ ಎಂದು ಒಂದಾದ ಮೇಲೊಂದು ಗ್ಲಾಸು ಎತ್ತುತ್ತ ನೊದಾರ್ ಅಳತೊಡಗಿದ್ದ. ಅಳುವಿನ ಭರದಲ್ಲಿ ಅವನೊಂದು ಎಡವಟ್ಟು ಮಾಡಿದ.

"ಈಗ ಹೆತ್ತ ಹೊಟ್ಟೆ ಮಾತಾಡ್ಲಿ! ಎಲ್ರೂ ಎದ್ದು ನಿಲ್ರಪ್ಪಾ. ಎತೇರಿ, ಅಲಾವೆರ್ದಿ ನಿಂಗೆ!"

ಬೆಂಚುಗಳು ಕಿರುಗುಟ್ಟಿದವು. ಗಂಡಸರೆಲ್ಲ ಗ್ಲಾಸು ಹಿಡಿದು ಎದ್ದರು. ನಾಲ್ಕು ಹನಿ ಕಣ್ಣೀರು, ಅಯ್ಯೋ ಮಗನೇ ಎಂಬೊಂದು ಮಾತು, ಒಂದು ಗುಟುಕು. ಹೆಂಗಸರಿಂದ ಅವರು ನಿರೀಕ್ಷಿಸುವುದು ಅಷ್ಟೇ.

ಎತೇರಿ ಎದ್ದಳು. ತನ್ನ ಗ್ಲಾಸನ್ನು ಎತ್ತಿಕೊಂಡಳು.

"ನನ್ನ ಮಗನ ಹಾರ್ಟು ಗಟ್ಟಿ ಇತ್ತು," ಎಂದಳು. "ಅವನು ಸತ್ತಿದ್ದು ಸೂಜಿಯಿಂದ."

"ಎತೇರಿ!"

"ಶ್," ಎಂದ ಮುದುಕ ವಾಝಾ. "ಮಾತು ನೀನೇ ಕೊಟ್ಟಿದೀಯ ನೊದಾರ್. ಅವಳು ಕುಡಿಯೋ ತನಕ ಅವಳದೇ."

ನೊದಾರ್ ಕತ್ತಿನ ತನಕ ಕೆಂಪಾದ. ಗ್ಲಾಸು ಹಿಡಿದು ನಿಂತೇ ಇದ್ದ.

"ಫಾದರ್, ಒಂದು ವರ್ಷ ನೀವು ಅವನನ್ನ ಸ್ವಂತ ಮಗನ ಹಾಗೆ ನೋಡ್ಕೊಂಡ್ರಿ. ಅವನು ನಗೋದನ್ನ ಮತ್ತೆ ಕಂಡೆ, ಅದು ನಿಮ್ಮ ಪುಣ್ಯ. ಆದ್ರೆ ಅವನ ಮೈ ಮಗೂದಾಗಿತ್ತು, ನೆನಪು ಹಳೇದೇ ಇತ್ತು. ಒಂದಿನ ಎಡವಿದ, ಹಳೇ ಅಳತೇನೇ ತಗೊಂಡ. ಇದನ್ನ ಅವನಿಗೆ ಯಾರೂ ಹೇಳಿರ್ಲಿಲ್ಲ. ಹೇಳಿದ್ರೆ ಬಾಗಿಲು ತೆಗೆದಂಗೆ ಅಂತ ಸುಮ್ನಿದ್ವಿ ಎಲ್ರೂ. ಮದ್ದು ಮನೆ ಬಾಗಿಲಿಗೇ ಬಂದಿತ್ತು, ನಾನು ಕೈ ಹಿಂದಕ್ಕೆ ತಗೊಂಡೆ." ಅವಳು ಹೆಂಗಸರ ಮೇಜಿನ ತುದಿಗೆ ತಿರುಗಿದಳು. "ಲಮಾರಾ, ನಿನ್ನ ಮಗ ಎಡವ್ದೇ ಇರ್ಲಿ ಅಂತ ದಿನಾ ಮೇಣದಬತ್ತಿ ಹಚ್ತೀನಿ. ಆದ್ರೂ ದಾಲಿ ಹತ್ರ ಇರೋದನ್ನ ಇಸ್ಕೊಂಡು ಹೋಗೇ."

ಲಮಾರಾ ಧಡಕ್ಕನೆ ಎದ್ದಳು. "ನನ್ನ ಮಗ ಬಿಟ್ಟಾಗಿದೆ! ಕೆಟ್ಟ ಬಾಯಿ ಹಾಕ್ಬೇಡ! ಬಿಟ್ಟಾಗಿದೆ ಅವನು, ಫಾದರನ್ನೇ ಕೇಳು."

ಫಾದರ್ ತಲೆ ತಗ್ಗಿಸಿದರು. ತೇಮೋ ಶರಬತ್ತಿನ ಗ್ಲಾಸನ್ನು ಮೇಜಿನ ಮೇಲಿಟ್ಟ.

"ಅಮ್ಮಾ," ಎಂದ ಮೆಲ್ಲಗೆ. "ಇಸ್ಕೋ."

ಲಮಾರಾ ಮಗನನ್ನೇ ನೋಡಿದಳು. ಆಮೇಲೆ ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬಾಯಿಗೊತ್ತಿಕೊಂಡು ಕುಸಿದು ಕೂತಳು. ಎತೇರಿ ಕಣ್ಸನ್ನೆ ಮಾಡಿದ ಮೇಲೆ ದಾಲಿ ಒಳಗೆ ಬಂದು, ಮೇಜುಗಳ ನಡುವೆ ದಾಟಿ, ಲಮಾರಾಳ ಮುಂದೆ ಮಂಡಿಯೂರಿದಳು. ಪೊಟ್ಟಣ ಬಿಚ್ಚಿದಳು.

"ಅಳಬೇಡಿ ಅಕ್ಕಾ, ಕೈ ನಡುಗತ್ತೆ. ಹೀಗೆ ಕತ್ತಿನ ಕೆಳಗೆ ಕೈ ಕೊಡಿ. ತಲೆ ಹಿಂದಕ್ಕೆ. ಇದು ಮೂಗಿನೊಳಗೆ. ಈಗ ಒತ್ತಬೇಡಿ, ಹಿಡಿಯೋದು ಕಲೀರಿ."

ತೇಮೋ ನೆಲದ ಮೇಲೆ ಕೂತು ತಾಯಿಯ ಮಡಿಲಿಗೆ ತಲೆ ಚೆಲ್ಲಿ ಕಣ್ಣು ಮುಚ್ಚಿದ. ಲಮಾರಾ ಒಂದು ಕೈಯಲ್ಲಿ ಅವನ ಕತ್ತನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಆ ಚಿಕ್ಕ ವಸ್ತುವನ್ನು ಮೂಗಿನ ಹತ್ತಿರ ತಂದಳು, ತಪ್ಪಿದಳು, ಮತ್ತೆ ತಂದಳು. ಎತೇರಿ ಇನ್ನೂ ಕುಡಿದಿರಲಿಲ್ಲ. ಅನ್ನ ಆರುತ್ತಿತ್ತು, ಡೇರೆಯ ಅಷ್ಟೂ ಗಂಡಸರು ತುಂಬಿದ ಗ್ಲಾಸು ಹಿಡಿದು ನಿಂತೇ ಇದ್ದರು.